ಡಿಕ್ಕಿ ಮುಚ್ಚಿದ ಮೇಲೆ ಲೈಟು ಆರಿತೇ?

ಫ್ರಿಜ್ಜಿನ ಬಾಗಿಲು ಮುಚ್ಚಿದ ಮೇಲೆ ಒಳಗಿನ ಲೈಟು ಆರುತ್ತದೋ ಇಲ್ಲವೋ? ಚಿಕ್ಕವರಿದ್ದಾಗ ಈ ಪ್ರಶ್ನೆ ನಿಮ್ಮನ್ನೂ ಕಾಡಿರಬೇಕು. ನಾನಂತೂ ಬಾಗಿಲನ್ನು ಒಂದೇ ಒಂದು ಬೆರಳಿನಷ್ಟು ಸಂದಿ ಮಾಡಿ ಇಣುಕಿ ಇಣುಕಿ ಅಮ್ಮನಿಂದ ಬೈಸಿಕೊಂಡವನು. ಆ ಪ್ರಶ್ನೆಗೆ ಅಂದು ಉತ್ತರ ಸಿಗಲಿಲ್ಲ. ಇಪ್ಪತ್ತನೇ ವಯಸ್ಸಿಗೆ, ಬಿಇ ನಾಲ್ಕನೇ ಸೆಮಿಸ್ಟರ್ ಪರೀಕ್ಷೆ ಮುಗಿಸಿ ಊರಿಗೆ ಬಂದ ಮೇಲೆ, ಅದೇ ಪ್ರಶ್ನೆ ಅಪ್ಪನ ಕಾರಿನ ಡಿಕ್ಕಿಯೊಳಗೆ ಕಾದು ಕುಳಿತಿತ್ತು. ಈ ಸಲ ಬೈಗುಳದಲ್ಲಿ ಮುಗಿಯಲಿಲ್ಲ.

ಪೇಪರಿನಲ್ಲಿ ‘ಡಿಕ್ಕಿ’ ಎಂದರೆ ಅಪಘಾತದ ಸುದ್ದಿ. ನಮ್ಮ ಮನೆಯಲ್ಲಿ ಡಿಕ್ಕಿ ಎಂದರೆ ಹಳೇ ಆಲ್ಟೊ ಕಾರಿನ ಹಿಂಭಾಗ, ಅಂದರೆ ಅರ್ಧ ಉಗ್ರಾಣ. ನಮ್ಮದು ಕಳಸದಿಂದ ಒಂದಷ್ಟು ಒಳಗಿನ ಊರು. ನಾಲ್ಕು ಎಕರೆ ಕಾಫಿ, ನಡುನಡುವೆ ಅಡಿಕೆ, ಮರಗಳಿಗೆ ಹಬ್ಬಿಸಿದ ಮೆಣಸಿನ ಬಳ್ಳಿ. ಗೊಬ್ಬರದ ಮೂಟೆ, ಬೋರ್ಡೋ ಹೊಡೆಯುವ ಕಾಲಕ್ಕೆ ಮೈಲುತುತ್ತ ಮತ್ತು ಸುಣ್ಣ, ದನಕ್ಕೆ ಹಿಂಡಿ, ಸೊಸೈಟಿ ಅಕ್ಕಿ, ಮದುವೆ ಮನೆಯ ಪಾತ್ರೆ ಎಲ್ಲವೂ ಆ ಡಿಕ್ಕಿಯಲ್ಲೇ ಬರಬೇಕು. ಹಿಂದಿನ ಸೀಟು ಮಡಚಿದರೆ ನಾಲ್ಕು ಮೂಟೆ ಕಾಫಿ ಹಣ್ಣೂ ಹಿಡಿಯುತ್ತದೆ. ಅಷ್ಟೆಲ್ಲ ಹೊರುವ ಡಿಕ್ಕಿಯೊಳಗೆ ಒಂದು ಲೈಟು ಇರಲಿಲ್ಲ. ಕತ್ತಲಾದ ಮೇಲೆ ಅಪ್ಪ ಮೊಬೈಲನ್ನು ಗಲ್ಲ ಮತ್ತು ಹೆಗಲಿನ ನಡುವೆ ಸಿಕ್ಕಿಸಿಕೊಂಡು, ಅದರ ಟಾರ್ಚಿನಲ್ಲಿ ಮೂಟೆ ಎಳೆಯುತ್ತಿದ್ದರು. ಒಂದು ಸಲ ಮೊಬೈಲು ಹಿಂಡಿಯ ಬಕೆಟ್ಟಿಗೇ ಬಿತ್ತು.

ಎಲೆಕ್ಟ್ರಾನಿಕ್ಸ್ ಓದುವ ಮಗ ಮನೆಯಲ್ಲಿದ್ದಾನೆ, ಇಷ್ಟು ಮಾಡದಿದ್ದರೆ ಹೇಗೆ ಎಂದುಕೊಂಡೆ. ಹಾಗೆ ಅಂದುಕೊಂಡದ್ದು ಅರ್ಧ ಸತ್ಯ. ಉಳಿದರ್ಧ ಸತ್ಯವನ್ನೂ ಹೇಳಿಬಿಡುತ್ತೇನೆ. ಚಿಕ್ಕಮಗಳೂರಿನಲ್ಲಿ ನನ್ನ ರೂಮ್‌ಮೇಟ್ ತನ್ನ ಅಣ್ಣನ ಕಾರಿನ ಡಿಕ್ಕಿ ತುಂಬ ನೀಲಿ ಎಲ್‌ಇಡಿ ಹಾಕಿಸಿ ರೀಲ್ಸ್ ಮಾಡಿದ್ದ. ಡಿಕ್ಕಿ ಮೇಲೇಳುತ್ತಿದ್ದಂತೆ ಒಳಗಿನಿಂದ ನೀಲಿ ಬೆಳಕು ಹರಿದು ಬರುವುದನ್ನು ನೋಡಿ ನನಗೂ ಆಸೆಯಾಗಿತ್ತು. ಅಪ್ಪನ ಮೂಟೆ ಒಂದು ನೆಪ.

ಮೊದಲ ಪ್ರಯೋಗ

ಆಗಸ್ಟ್ ತಿಂಗಳು. ಹೊರಗೆ ಬಿಟ್ಟೂಬಿಡದ ಮಳೆ. ಐದು ಮೀಟರಿನ ನೀಲಿ ಎಲ್‌ಇಡಿ ಪಟ್ಟಿ ತರಿಸಿಕೊಂಡು, ಅರ್ಧ ಕತ್ತರಿಸಿ, ಡಿಕ್ಕಿಯ ಸುತ್ತ ಎರಡೂವರೆ ಮೀಟರ್ ಅಂಟಿಸಿದೆ. ಕಾರಿನ ಚಾವಣಿಯಲ್ಲಿರುವ ಲೈಟಿಗೆ ಸದಾ ಕರೆಂಟು ಬರುತ್ತದೆ, ಅಲ್ಲಿಂದಲೇ ಒಂದು ವೈರು ಎಳೆದು, ಚಾವಣಿಯ ಬಟ್ಟೆಯೊಳಗೆ ತೂರಿಸಿ ಹಿಂದಕ್ಕೆ ತಂದೆ. ಡಿಕ್ಕಿ ತೆರೆದಾಗ ಹೊತ್ತಿಕೊಳ್ಳಲು, ಮುಚ್ಚಿದಾಗ ಆರಲು ಒಂದು ಪುಟ್ಟ ಒತ್ತು ಸ್ವಿಚ್ಚನ್ನು ಎರಡು ಕಡೆ ಅಂಟುವ ಟೇಪಿನಿಂದ ಬಾಗಿಲಿನ ಅಂಚಿಗೆ ಕೂರಿಸಿದೆ. ಫ್ಯೂಸು? ಕಾರಿನಲ್ಲಿ ಹೇಗೂ ಇದೆಯಲ್ಲ ಎಂದುಕೊಂಡೆ.

ಸಂಜೆ ಕೊಟ್ಟಿಗೆಯ ಪಕ್ಕದ ಶೆಡ್ಡಿನಲ್ಲಿ ಉದ್ಘಾಟನೆ. ಡಿಕ್ಕಿ ಎತ್ತಿದೆ. ನೀಲಿ ಬೆಳಕು ಧುಮುಕಿತು. ಅಜ್ಜಿ ಕೈ ಮುಗಿಯುವುದೊಂದು ಬಾಕಿ. ತಂಗಿ ಹತ್ತು ಫೋಟೊ ತೆಗೆದಳು. ಅಪ್ಪ ಮಾತ್ರ ಒಳಗಿದ್ದ ಚೀಲಗಳನ್ನು ಆಚೀಚೆ ಮಾಡಿ, ‘ಇದ್ರಲ್ಲಿ ಯೂರಿಯಾ ಯಾವ್ದು, ಪೊಟ್ಯಾಷ್ ಯಾವ್ದು ಅಂತ್ಲೇ ಗೊತ್ತಾಗ್ತಿಲ್ವಲ್ಲ ಮಾರಾಯ’ ಎಂದರು. ಪೊಟ್ಯಾಷಿನ ಕೆಂಪು ಹರಳು ನೀಲಿ ಬೆಳಕಿನಲ್ಲಿ ಕಪ್ಪಾಗಿ ಕಾಣುತ್ತಿತ್ತು. ನಾನು ನಕ್ಕು ಡಿಕ್ಕಿ ಮುಚ್ಚಿದೆ. ಮೇಲೆ ಟಾರ್ಪಾಲು ಹೊದೆಸಿ ಊಟಕ್ಕೆ ಹೋದೆ.

ಟೇಪು ಮಲೆನಾಡಿನ ಮಳೆಗಾಲ ಕಂಡಿರಲಿಲ್ಲ. ಆಗಸ್ಟಿನಲ್ಲಿ ನಮ್ಮಲ್ಲಿ ಗೋಡೆ ಬೆವರುತ್ತದೆ, ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ, ಬೆಂಕಿಪೆಟ್ಟಿಗೆಯನ್ನು ಒಲೆಯ ಮೇಲೆ ಇಡಬೇಕಾಗುತ್ತದೆ. ಡಿಕ್ಕಿ ಮುಚ್ಚಿದ ಹೊಡೆತಕ್ಕೆ ಸ್ವಿಚ್ಚು ಜಾರಿ ಪಕ್ಕಕ್ಕೆ ಹೋಗಿತ್ತು. ಬಾಗಿಲು ಮುಚ್ಚಿದೆ, ಆದರೆ ಸ್ವಿಚ್ಚು ಒತ್ತಿಲ್ಲ. ಟಾರ್ಪಾಲಿನ ಕೆಳಗೆ, ಮುಚ್ಚಿದ ಡಿಕ್ಕಿಯೊಳಗೆ, ನೋಡುವವರಿಲ್ಲದೆ ನನ್ನ ನೀಲಿ ದೀಪಾವಳಿ ರಾತ್ರಿಯಿಡೀ ನಡೆಯಿತು.

ಬೆಳಗಿನ ಐದು ಗಂಟೆ

ನಮ್ಮ ಕಡೆ ಕಾರು ಎಂದರೆ ಒಬ್ಬರ ಕಾರಲ್ಲ. ಹತ್ತಿರದ ನಾಲ್ಕು ಮನೆಗೆ ಅದೇ ಆಂಬುಲೆನ್ಸು. ಮಳೆಗಾಲದಲ್ಲಿ ಫೋನಿಗೆ ಸಿಗ್ನಲ್ ಬೇಕೆಂದರೆ ಗುಡ್ಡ ಹತ್ತಬೇಕು. ಕರೆಂಟು ಹೋದರೆ ಬಂದಾಗ ಬಂತು. ಅಂಥ ಒಂದು ಬೆಳಗಿನ ಜಾವ ಐದಕ್ಕೆ ಕೆಳಗಿನ ಮನೆಯವರು ಬ್ಯಾಟರಿ ಹಿಡಿದು ಓಡಿ ಬಂದರು. ಅವರ ಮನೆಯ ಅಜ್ಜಿಗೆ ಉಬ್ಬಸ ಏರಿ ಉಸಿರು ಸಿಕ್ಕುತ್ತಿರಲಿಲ್ಲ.

ಅಪ್ಪ ಕೀ ತಿರುಗಿಸಿದರು. ‘ಟಕ್’ ಎಂದಿತು. ಮತ್ತೆ ತಿರುಗಿಸಿದರು. ‘ಟಕ್’. ಮೂರನೇ ಸಲ ಅದೂ ಇಲ್ಲ. ಮೀಟರಿನ ದೀಪಗಳು ಬೆಂಕಿ ಆರಿದ ಕೆಂಡದ ಹಾಗೆ ಮಂಕಾಗಿದ್ದವು. ನಾನು ಟಾರ್ಪಾಲು ಎಳೆದು ಡಿಕ್ಕಿ ಎತ್ತಿದೆ. ಸುಸ್ತಾದ ನೀಲಿ ಬೆಳಕು ಇನ್ನೂ ಮಿಣಿಮಿಣಿ ಎನ್ನುತ್ತಿತ್ತು. ಅಪ್ಪ ಅದನ್ನು ನೋಡಿದರು. ನನ್ನನ್ನೂ ನೋಡಿದರು. ಏನೂ ಹೇಳಲಿಲ್ಲ.

ನಮ್ಮನ್ನು ಕಾಪಾಡಿದ್ದು ಹಳೇ ಅಭ್ಯಾಸ. ಮಲೆನಾಡಿನಲ್ಲಿ ಜೀಪು ಓಡಿಸಿ ಪಳಗಿದವರು ಗಾಡಿಯನ್ನು ಯಾವಾಗಲೂ ಇಳಿಜಾರಿಗೆ ಮುಖ ಮಾಡಿ ನಿಲ್ಲಿಸುತ್ತಾರೆ. ಅಪ್ಪನೂ ಹಾಗೇ. ಕೆಳಮನೆಯವರು, ನಾನು, ಅಮ್ಮ ಸೇರಿ ಮಳೆಯಲ್ಲಿ ತಳ್ಳಿದೆವು. ಎರಡನೇ ಗೇರಿನಲ್ಲಿ ಅಪ್ಪ ಕ್ಲಚ್ ಬಿಟ್ಟರು. ಮೊದಲ ಸಲ ಕಾರು ಕುಪ್ಪಳಿಸಿ ನಿಂತಿತು. ಇಳಿಜಾರು ಮುಗಿಯಲು ಇನ್ನು ಹತ್ತು ಮಾರು ಇರುವಾಗ ಎರಡನೇ ಸಲಕ್ಕೆ ಹತ್ತಿಕೊಂಡಿತು. ಸ್ಟಾರ್ಟರ್ ಮೋಟರಿಗೆ ನೂರಾರು ಆಂಪಿಯರ್ ಬೇಕು. ಅಷ್ಟು ಕೊಡುವ ಶಕ್ತಿ ಬ್ಯಾಟರಿಯಲ್ಲಿ ಉಳಿದಿರಲಿಲ್ಲ. ಪೆಟ್ರೋಲ್ ಪಂಪಿಗೂ ಕಿಡಿಗೂ ಸಾಲುವಷ್ಟು ಮಾತ್ರ ಇತ್ತು. ಇನ್ನೆರಡು ಗಂಟೆ ತಡವಾಗಿ ಬಂದಿದ್ದರೆ ಅದೂ ಇರುತ್ತಿತ್ತೋ ಇಲ್ಲವೋ.

ಅಜ್ಜಿಗೆ ಕಳಸದ ಆಸ್ಪತ್ರೆಯಲ್ಲಿ ಮೂಗಿಗೆ ಔಷಧಿಯ ಹೊಗೆ ಕೊಟ್ಟರು. ಸಂಜೆಯ ಹೊತ್ತಿಗೆ ಮನೆಗೆ ಬಂದು ಎಲೆಯಡಿಕೆ ಕೇಳಿದರಂತೆ. ಆದರೆ ನಾವು ಕಳೆದ ಆ ಇಪ್ಪತ್ತೈದು ನಿಮಿಷ, ಹಿಂದಿನ ಸೀಟಿನಲ್ಲಿ ಅವರು ಉಸಿರಿಗಾಗಿ ಮುಂದಕ್ಕೆ ಬಾಗಿ ಕೂತ ರೀತಿ, ಇವೆರಡು ಈಗಲೂ ಕಣ್ಣ ಮುಂದಿವೆ.

ರಾತ್ರಿ ಊಟಕ್ಕೆ ಕೂತಾಗ ಅಪ್ಪ ಒಂದೇ ಮಾತು ಹೇಳಿದರು: ‘ಹಾಕ್ಬೇಡ ಅನ್ನಲ್ಲ. ಹತ್ತೋದನ್ನ ಎಲ್ರೂ ನೋಡ್ತಾರೆ. ಆರುತ್ತಾ ಅಂತ ನೋಡ್ಕೊಂಡು ಹಾಕು.’

ಎರಡು ನಿಮಿಷದ ಲೆಕ್ಕ

ಮಲಗುವ ಮುಂಚೆ ನೋಟ್‌ಬುಕ್ ತೆಗೆದೆ. ನಾನು ಹಾಕಿದ ಪಟ್ಟಿ ಮೀಟರಿಗೆ 14.4 ವ್ಯಾಟ್ ತಿನ್ನುವಂಥದ್ದು. ಎರಡೂವರೆ ಮೀಟರಿಗೆ 36 ವ್ಯಾಟ್. ಅದನ್ನು 12 ವೋಲ್ಟಿನಿಂದ ಭಾಗಿಸಿದರೆ 3 ಆಂಪಿಯರ್. ರಾತ್ರಿ ಏಳರಿಂದ ಬೆಳಗಿನ ಐದರವರೆಗೆ 10 ಗಂಟೆ. ಒಟ್ಟು 30 ಆಂಪಿಯರ್-ಅವರ್. ನಮ್ಮ ಕಾರಿನ ಬ್ಯಾಟರಿಯ ಮೇಲೆ ಬರೆದಿದ್ದು 35. ಅದೂ ಹೊಸದಾಗಿದ್ದಾಗ.

ಎಂಟನೇ ಕ್ಲಾಸಿನ ಹುಡುಗ ಮಾಡುವ ಲೆಕ್ಕ. ನಾಲ್ಕು ಸೆಮಿಸ್ಟರ್ ಮುಗಿಸಿದ ನಾನು ಮಾಡಿರಲಿಲ್ಲ. ನೆಟ್‌ವರ್ಕ್ ಅನಾಲಿಸಿಸ್‌ನಲ್ಲಿ ಪುಟಗಟ್ಟಲೆ ಸಮೀಕರಣ ಬಿಡಿಸಿ ಒಳ್ಳೆಯ ಅಂಕ ತೆಗೆದವನಿಗೆ, ಪೇಪರಿನ ಮೇಲಿನ ಬ್ಯಾಟರಿ ಯಾವತ್ತೂ ಖಾಲಿಯಾಗುವುದಿಲ್ಲ ಎಂಬುದೇ ಅಭ್ಯಾಸವಾಗಿಬಿಟ್ಟಿತ್ತು. ಪ್ರಶ್ನೆಪತ್ರಿಕೆಯಲ್ಲಿ ಸ್ವಿಚ್ಚಿಗೆ ಅಂಟಿಸಿದ ಟೇಪು ಜಾರುವುದಿಲ್ಲ. ಅಲ್ಲಿ ಮಳೆಯೂ ಬರುವುದಿಲ್ಲ.

‘ಫ್ಯೂಸು ಲೈಟಿಗಲ್ಲ ತಮ್ಮ’

ದಸರಾ ರಜೆಗೆ ಊರಿಗೆ ಬಂದಾಗ ಅಪ್ಪನಿಗೆ ಮೂಡಿಗೆರೆಯಲ್ಲಿ ಕೆಲಸವಿತ್ತು. ನಾನು ಕಾರನ್ನು ಅಲ್ಲಿನ ಒಬ್ಬರು ಆಟೊ ಎಲೆಕ್ಟ್ರಿಷಿಯನ್ ಹತ್ತಿರ ಬಿಟ್ಟು, ‘ಅಣ್ಣ, ನೀವು ಮಾಡಿಕೊಡಬೇಡಿ, ನನ್ನ ಕೈಯಲ್ಲೇ ಮಾಡಿಸಿ’ ಎಂದು ಕೇಳಿಕೊಂಡೆ. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಮೊದ್ಲು ನಿಂದು ಬಿಚ್ಚು’ ಎಂದರು.

ಚಾವಣಿಯ ಬಟ್ಟೆಯೊಳಗಿನಿಂದ ನನ್ನ ವೈರು ಹೊರಗೆ ಬಂದಾಗ ಇಬ್ಬರೂ ಸುಮ್ಮನಾದೆವು. ಹಿಂಬದಿಯ ತಗಡಿನ ಅಂಚಿಗೆ ಉಜ್ಜಿ ಉಜ್ಜಿ ಅದರ ಹೊದಿಕೆ ಹರಿದಿತ್ತು. ಒಂದು ಕಡೆ ಕೆಂಪಗೆ ತಾಮ್ರ ಕಾಣುತ್ತಿತ್ತು. ಅದು ತಗಡಿಗೆ ಪೂರ್ತಿ ತಾಗಿದ್ದರೆ ನೇರ ಶಾರ್ಟ್. ನಾನು ಎಳೆದಿದ್ದು ಕೂದಲೆಳೆಯಂಥ ವೈರು. ಕಾರಿನ ಮೂಲ ಫ್ಯೂಸು ಹಾರುವ ಮೊದಲೇ ಅದು ಕಾದು, ಪಕ್ಕದ ಬಟ್ಟೆ, ಸ್ಪಂಜಿಗೆ ಬೆಂಕಿ ಹಿಡಿಯಬಹುದಿತ್ತು. ‘ಬ್ಯಾಟರಿ ಸತ್ತಿದ್ದು ನಿನ್ನ ಪುಣ್ಯ’ ಎಂದರು ಅವರು. ‘ಇಲ್ದಿದ್ರೆ ಇದನ್ನ ಯಾರು ಬಿಚ್ಚಿ ನೋಡ್ತಿದ್ರು?’

ಆಮೇಲೆ ಅವರು ಹೇಳಿದ ಮಾತನ್ನು ನಮ್ಮ ಯಾವ ಪಠ್ಯಪುಸ್ತಕದಲ್ಲೂ ನಾನು ಇಷ್ಟು ಸರಳವಾಗಿ ಓದಿರಲಿಲ್ಲ: ‘ಫ್ಯೂಸು ಲೈಟಿಗಲ್ಲ ತಮ್ಮ, ವೈರಿಗೆ.’ ಲೈಟು ಕೆಟ್ಟರೆ ಇನ್ನೊಂದು ತರಬಹುದು. ವೈರು ಕಾದರೆ ಕಾರೇ ಹೋಗುತ್ತದೆ. ಆದ್ದರಿಂದ ಫ್ಯೂಸನ್ನು ಲೈಟಿನ ಹತ್ತಿರ ಹಾಕಿದರೆ ಪ್ರಯೋಜನವಿಲ್ಲ, ಕರೆಂಟು ಎಲ್ಲಿಂದ ಹೊರಡುತ್ತದೋ ಅದರ ಒಂದು ಗೇಣಿನೊಳಗೆ ಇರಬೇಕು. ಆಗ ದಾರಿಯಲ್ಲಿ ಎಲ್ಲಿ ಉಜ್ಜಿದರೂ ಫ್ಯೂಸು ಹಾರುತ್ತದೆ, ವೈರು ಉಳಿಯುತ್ತದೆ. ಕಾರಿನ ಚಪ್ಪಟೆ ಫ್ಯೂಸುಗಳಿಗೆ ಬಣ್ಣದ ಭಾಷೆಯೇ ಇದೆ: ನೇರಳೆ 3 ಆಂಪಿಯರ್, ಕೆಂಪು 10, ನೀಲಿ 15, ಹಳದಿ 20, ಹಸಿರು 30. ನಮ್ಮ ಲೈಟಿಗೆ ನೇರಳೆ ಸಾಕು. ಹಾರುತ್ತಲೇ ಇದೆ ಎಂದು ದೊಡ್ಡದು ಹಾಕುವವರು ಫ್ಯೂಸಿನ ಬಾಯಿ ಮುಚ್ಚಿಸಿದಂತೆ.

ನಾನು ಮೊಬೈಲಿನಿಂದ ನಿಯಂತ್ರಿಸುವ, ಬ್ಲೂಟೂತ್ ಇರುವ, ತಾನಾಗಿ ಆರುವ ಸರ್ಕ್ಯೂಟೊಂದರ ಚಿತ್ರ ಬರೆದುಕೊಂಡು ಹೋಗಿದ್ದೆ. ಅವರು ಅದನ್ನು ಗೌರವದಿಂದಲೇ ನೋಡಿ ಕೇಳಿದರು: ‘ಇದು ಕೆಟ್ರೆ ನಿಮ್ಮಪ್ಪ ರಿಪೇರಿ ಮಾಡ್ತಾರಾ?’ ಆ ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡೆ.

ಕಾಫಿ ಹಣ್ಣಿನ ಕೆಂಪು

ಯಾವ ಬಣ್ಣದ ಬೆಳಕು ಹಾಕುವುದು? ನೀಲಿಯಲ್ಲಿ ಪೊಟ್ಯಾಷ್ ಕಪ್ಪಗೆ ಕಂಡಿದ್ದೇಕೆ ಎಂದು ಯೋಚಿಸಿದಾಗ ಉತ್ತರ ಹೈಸ್ಕೂಲಿನಲ್ಲೇ ಇತ್ತು. ಕೆಂಪು ವಸ್ತು ಕೆಂಪಾಗಿ ಕಾಣಬೇಕಾದರೆ ಅದರ ಮೇಲೆ ಬೀಳುವ ಬೆಳಕಿನಲ್ಲಿ ಕೆಂಪು ಇರಬೇಕು. ನೀಲಿಯಲ್ಲಿ ಕೆಂಪಿಲ್ಲ, ಆದ್ದರಿಂದ ಕಪ್ಪು. ಹಾಗಾದರೆ ಕಾಫಿ ಹಣ್ಣಿನ ಗತಿ? ಕೆಂಪು ಹಣ್ಣು, ಹಸಿರು ಕಾಯಿ ಬೆರೆತ ಚೀಲವನ್ನು ನೀಲಿ ಬೆಳಕಿನಲ್ಲಿ ಸುರಿದರೆ ಎಲ್ಲವೂ ಒಂದೇ. ನನ್ನ ರೀಲ್ಸ್ ಲೈಟು ಕಾಫಿ ತೋಟದಲ್ಲಿ ಕುರುಡು.

ಬಿಳಿ ಎಲ್‌ಇಡಿ ಹಾಕಿದರೆ ಸರಿಯೇ? ಇಲ್ಲಿ ಒಂದು ಸ್ವಾರಸ್ಯವಿದೆ. ನಾವು ಬಳಸುವ ಬಿಳಿ ಎಲ್‌ಇಡಿಯ ಒಳಗಿರುವುದೂ ನೀಲಿ ಎಲ್‌ಇಡಿಯೇ. ಅದರ ಮೇಲೆ ಹಳದಿ ಬೆಳಕು ಸೂಸುವ ಪುಡಿಯ ಲೇಪ ಇರುತ್ತದೆ. ನೀಲಿ, ಹಳದಿ ಸೇರಿ ಕಣ್ಣಿಗೆ ಬಿಳಿ. ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿ 1962ರಲ್ಲೇ ಬಂದಿತ್ತು. ಹೊಳೆಯುವ ನೀಲಿಗಾಗಿ ಮತ್ತೆ ಮೂವತ್ತು ವರ್ಷ ಕಾಯಬೇಕಾಯಿತು. ಆ ಸಾಧನೆಗೆ ಇಸಾಮು ಅಕಸಾಕಿ, ಹಿರೋಶಿ ಅಮಾನೊ, ಶೂಜಿ ನಕಮುರ ಅವರಿಗೆ 2014ರ ಭೌತವಿಜ್ಞಾನದ ನೊಬೆಲ್ ಬಂತು. ಈ ಮೂವರಲ್ಲಿ ನಕಮುರ ದೊಡ್ಡ ಪ್ರಯೋಗಾಲಯದವರಲ್ಲ. ಜಪಾನಿನ ಶಿಕೊಕು ದ್ವೀಪದ ತೊಕುಶಿಮಾದಲ್ಲಿ ಒಂದು ಕಂಪನಿಯ ಎಂಜಿನಿಯರಾಗಿದ್ದವರು. ಕಳಸದಲ್ಲಿ ಕೂತು ಇದನ್ನು ಓದುವಾಗ ನನಗೆ ಅವರು ನಮ್ಮ ಕಡೆಯವರೇ ಅನ್ನಿಸಿದರು.

ಅಗ್ಗದ ಬಿಳಿ ಎಲ್‌ಇಡಿಯಲ್ಲಿ ನೀಲಿ ಜಾಸ್ತಿ, ಕೆಂಪು ಕಡಿಮೆ. ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದಕ್ಕೆ ‘ಸಿಆರ್‌ಐ’ ಎಂಬ ಅಂಕವಿದೆ. ನೂರಕ್ಕೆ ನೂರು ಎಂದರೆ ಹಳೇ ಬುರುಡೆ ಬಲ್ಬಿನಷ್ಟು. 90ಕ್ಕಿಂತ ಮೇಲಿನ ಅಂಕದ, ಸ್ವಲ್ಪ ಹಳದಿ ಛಾಯೆಯ ಪಟ್ಟಿ ತಂದೆ. ಒಂದೇ ಮೀಟರ್, 9.6 ವ್ಯಾಟಿನದು. ಅಂದರೆ 0.8 ಆಂಪಿಯರ್. ಇದನ್ನು ಬೇಕೆಂದೇ ಲೆಕ್ಕ ಹಾಕಿ ತಂದೆ. ಅಕಸ್ಮಾತ್ 10 ಗಂಟೆ ಉರಿದರೂ ಹೋಗುವುದು 8 ಆಂಪಿಯರ್-ಅವರ್, ಬೆಳಿಗ್ಗೆ ಕಾರು ಸ್ಟಾರ್ಟ್ ಆಗುತ್ತದೆ. ಮನುಷ್ಯ ಮರೆಯುತ್ತಾನೆ. ಮರೆತಾಗಲೂ ಕೈಕೊಡದ ಹಾಗೆ ಮಾಡುವುದು ನನ್ನ ಕೆಲಸ.

ಇನ್ನೊಂದು ಸೂಕ್ಷ್ಮ. ‘12 ವೋಲ್ಟ್’ ಎಂದು ಮಾರುವ ಪಟ್ಟಿಯಲ್ಲಿ ಮೂರು ಮೂರು ಎಲ್‌ಇಡಿಗಳನ್ನು ಒಂದು ರೆಸಿಸ್ಟರ್ ಜತೆ ಸಾಲಾಗಿ ಜೋಡಿಸಿರುತ್ತಾರೆ. ಮೂರು ಎಲ್‌ಇಡಿ ಸೇರಿ ಸುಮಾರು 9.6 ವೋಲ್ಟ್ ತೆಗೆದುಕೊಂಡರೆ ರೆಸಿಸ್ಟರಿಗೆ ಉಳಿಯುವುದು 2.4. ಆದರೆ ಎಂಜಿನ್ ಓಡುವಾಗ ಕಾರಿನಲ್ಲಿ 14 ವೋಲ್ಟಿಗೂ ಮೇಲೆ ಇರುತ್ತದೆ. 14.4 ಆದರೆ ರೆಸಿಸ್ಟರಿಗೆ 4.8. ಅಂದರೆ ಕರೆಂಟು ಹೆಚ್ಚುಕಡಿಮೆ ದುಪ್ಪಟ್ಟು. ಎಂಜಿನ್ ಚಾಲೂ ಇಟ್ಟು ಡಿಕ್ಕಿ ತೆರೆದಾಗ ಪಟ್ಟಿ ಕಾದು ಬೇಗ ಸುಟ್ಟುಹೋಗುವುದು ಇದಕ್ಕೇ. ವೋಲ್ಟೇಜ್ ಇಳಿಸುವ ಒಂದು ಪುಟ್ಟ ಬೋರ್ಡನ್ನು 11 ವೋಲ್ಟಿಗೆ ಕೂರಿಸಿ ನಡುವೆ ಹಾಕಿದೆ. ಬೆಳಕು ತುಸು ಇಳಿಯಿತು, ಬಿಸಿಯೂ ಇಳಿಯಿತು.

ಮುಚ್ಚಿದ ಡಿಕ್ಕಿಯೊಳಗಿನ ವಿಡಿಯೊ

ಎರಡನೇ ಸಲ ವೈರು ಬಂದ ದಾರಿಯೇ ಬೇರೆ. ಮುಂದಿನ ಫ್ಯೂಸ್ ಪೆಟ್ಟಿಗೆಯಿಂದ ಹೊರಟು, ತಕ್ಷಣ ನೇರಳೆ ಫ್ಯೂಸು, ನಂತರ ಡ್ಯಾಶ್‌ಬೋರ್ಡಿನಲ್ಲೊಂದು ಸ್ವಿಚ್ಚು. ಅಲ್ಲಿಂದ ಬಾಗಿಲುಗಳ ಕೆಳಗಿನ ಪ್ಲಾಸ್ಟಿಕ್ ಪಟ್ಟಿಯೊಳಗೆ, ಹಿಂದಿನ ಸೀಟಿನ ಪಕ್ಕದಿಂದ ಡಿಕ್ಕಿಗೆ. ತಗಡು ದಾಟುವ ಕಡೆಯೆಲ್ಲ ರಬ್ಬರ್ ಬುಷ್. ಪಟ್ಟಿಯನ್ನು ಡಿಕ್ಕಿಯ ಬಾಗಿಲಿನ ಒಳಮೈಗೇ ಹಾಕಿದೆವು. ಬಾಗಿಲು ಮೇಲೆದ್ದರೆ ಕೊಡೆ ಹಿಡಿದ ಹಾಗೆ ಮೇಲಿನಿಂದ ಬೆಳಕು ಬೀಳಲಿ ಎಂದು. ಆದರೆ ಬಾಗಿಲು ತೆರೆದು ಮುಚ್ಚುವಾಗ ವೈರು ಮಡಚಿ ಮಡಚಿ ತುಂಡಾಗುವುದು ಅಲ್ಲೇ. ಕಂಪನಿಯೇ ಕೊಟ್ಟ ರಬ್ಬರ್ ಕೊಳವೆಯೊಳಗಿನಿಂದ ವೈರು ತೂರಿಸಬೇಕು. ಅಣ್ಣ ಹಳೇ ಸೈಕಲ್ ಬ್ರೇಕ್ ಕೇಬಲ್ಲನ್ನು ಆ ಕಡೆಯಿಂದ ತಳ್ಳಿ, ಅದರ ತುದಿಗೆ ವೈರು ಕಟ್ಟಿ ಈ ಕಡೆಗೆ ಎಳೆದರು. ನಾನಾಗಿದ್ದರೆ ಅರ್ಧ ದಿನ ತೆಗೆದುಕೊಳ್ಳುತ್ತಿದ್ದೆ.

ಟೇಪಿನ ಸ್ವಿಚ್ಚಿನ ಜಾಗಕ್ಕೆ ಕಾರಿನ ಬಾಗಿಲುಗಳಿಗೇ ಬಳಸುವ ಪಿನ್ನಿನ ಡೋರ್ ಸ್ವಿಚ್ ಬಂತು, ಸ್ಕ್ರೂ ಹಾಕಿ ಬಿಗಿಮಾಡಿದ್ದು. ಬಾಗಿಲು ಮುಚ್ಚಿದರೆ ಪಿನ್ನು ಒಳಹೋಗಿ ಕರೆಂಟು ಕಡಿಯುತ್ತದೆ. ಇಷ್ಟಾದರೂ ಮೂಲ ಪ್ರಶ್ನೆ ಹಾಗೇ ಉಳಿಯಿತು: ಮುಚ್ಚಿದ ಮೇಲೆ ಆರಿತೇ? ಮೊಬೈಲನ್ನು ವಿಡಿಯೊ ಮೋಡಿಗೆ ಹಾಕಿ, ಡಿಕ್ಕಿಯೊಳಗಿಟ್ಟು ಮುಚ್ಚಿದೆ. ಹತ್ತು ಎಣಿಸಿ ತೆರೆದೆ. ವಿಡಿಯೊದಲ್ಲಿ ಬಾಗಿಲು ಇಳಿಯಿತು, ಬೆಳಕು ಪಟ್ಟನೆ ಹೋಯಿತು, ಹತ್ತು ಸೆಕೆಂಡು ಕಗ್ಗತ್ತಲು. ನನ್ನ ಬಾಲ್ಯದ ಫ್ರಿಜ್ಜಿನ ಪ್ರಶ್ನೆಗೆ ಮೂಡಿಗೆರೆಯ ಗ್ಯಾರೇಜಿನಲ್ಲಿ ಉತ್ತರ ಸಿಕ್ಕಿತು.

ಆದರೆ ಅಪ್ಪ ದಿನಾ ವಿಡಿಯೊ ಮಾಡಲು ಆಗುವುದಿಲ್ಲವಲ್ಲ. ಅದಕ್ಕೆ ಹಿಂದಿನ ಲೈಟಿನಿಂದ ಇನ್ನೊಂದು ವೈರನ್ನು ಡ್ಯಾಶ್‌ಬೋರ್ಡಿಗೆ ತಂದು, ಒಂದು ಕಿಲೋಓಮ್ ರೆಸಿಸ್ಟರಿನೊಂದಿಗೆ ಸಾಸಿವೆಯಷ್ಟು ದೊಡ್ಡ ಕೆಂಪು ಎಲ್‌ಇಡಿ ಹಾಕಿದೆ. ಹಿಂದೆ ಬೆಳಕಿದ್ದರೆ ಇಲ್ಲಿ ಕೆಂಪು ಚುಕ್ಕಿ. ಅಲ್ಲಿ ಆರಿದರೆ ಇಲ್ಲೂ ಆರುತ್ತದೆ. ಇಡೀ ಕೆಲಸದಲ್ಲಿ ನನಗೆ ಹೆಮ್ಮೆ ಇರುವುದು ಆ ಚುಕ್ಕಿಯ ಬಗ್ಗೆ.

ಪೊಲೀಸರು ಹಿಡಿಯುವುದಿಲ್ಲವೇ ಎಂದು ಗೆಳೆಯರು ಕೇಳುತ್ತಾರೆ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 108ನೇ ನಿಯಮದ ಪ್ರಕಾರ ವಾಹನದ ಮುಂದಕ್ಕೆ ಕೆಂಪು ಬೆಳಕು, ಹಿಂದಕ್ಕೆ ಕೆಂಪಲ್ಲದ ಬೆಳಕು ತೋರಿಸುವಂತಿಲ್ಲ. ರಿವರ್ಸ್ ಲೈಟು, ನಂಬರ್ ಪ್ಲೇಟಿನ ಲೈಟು, ವಾಹನದ ಒಳಗಿನ ದೀಪಗಳಂಥವಕ್ಕೆ ವಿನಾಯಿತಿ ಇದೆ. ಆದ್ದರಿಂದ ಒಳಗಿನ ಲೈಟು ಒಳಗೇ ಇರಲಿ. ಡಿಕ್ಕಿ ತೆರೆದುಕೊಂಡು ಗಾಡಿ ಓಡಿಸುವುದು, ಬಂಪರಿನ ಕೆಳಗೆ ನೀಲಿ ಹರಿಸುವುದು ಬೇಡ. 2024ರ ಜುಲೈನಲ್ಲಿ ಕಣ್ಣು ಕುಕ್ಕುವ ಎಲ್‌ಇಡಿ ಹೆಡ್‌ಲೈಟುಗಳ ಮೇಲೆ ರಾಜ್ಯದ ಪೊಲೀಸರು ಕಾರ್ಯಾಚರಣೆ ನಡೆಸಿದ್ದು ನೆನಪಿರಬಹುದು. ಕೊಟ್ಟಿಗೆಹಾರದ ಮಂಜಿನಲ್ಲಿ ಅಂಥ ಲೈಟು ಎದುರು ಬಂದಾಗ ಏನಾಗುತ್ತದೆ ಎಂಬುದು ಚಾರ್ಮಾಡಿ ಘಾಟಿ ಹತ್ತಿದವರಿಗೆಲ್ಲ ಗೊತ್ತು. ಇನ್ನು ನಿಮ್ಮ ಕಾರು ಹೊಸದಾಗಿ ವಾರಂಟಿಯಲ್ಲಿದ್ದರೆ ಕಂಪನಿಯ ವೈರನ್ನು ಕತ್ತರಿಸಬೇಡಿ, ಮೊದಲು ಶೋರೂಮಿನಲ್ಲಿ ಕೇಳಿ.

ಇಂಟರ್‌ವ್ಯೂನಲ್ಲಿ ಡಿಕ್ಕಿ

ನವೆಂಬರಿನಲ್ಲಿ ಕಾಲೇಜಿನಲ್ಲಿ ಸೀನಿಯರ್‌ಗಳು ನಮಗೆ ಅಣಕು ಇಂಟರ್‌ವ್ಯೂ ಮಾಡಿದರು. ‘ನೀನು ಮಾಡಿದ ಒಂದು ಪ್ರಾಜೆಕ್ಟ್ ಹೇಳು’ ಎಂದಾಗ ಎಲ್ಲರ ಹಾಗೆ ನಾನೂ ಸ್ಮಾರ್ಟ್ ನೀರಾವರಿ ಎಂದು ಶುರುಮಾಡಿದೆ. ನಾಲ್ವರ ಗುಂಪಿನಲ್ಲಿ ಮಾಡಿದ್ದು, ಕೋಡು ಇನ್ನೆಲ್ಲಿಂದಲೋ ತಂದದ್ದು. ‘ಅದರಲ್ಲಿ ಏನು ಕೆಟ್ಟಿತು, ಹೇಗೆ ಸರಿಮಾಡಿದೆ?’ ಎಂದು ಕೇಳಿದರು. ನನ್ನ ಬಾಯಿ ಕಟ್ಟಿತು. ಕೆಟ್ಟಿರಲೇ ಇಲ್ಲ, ಏಕೆಂದರೆ ಪ್ರದರ್ಶನದ ದಿನದ ಆಚೆಗೆ ಅದು ಓಡಲೇ ಇಲ್ಲ. ಆಮೇಲೆ ಧೈರ್ಯ ಮಾಡಿ ಡಿಕ್ಕಿಯ ಕಥೆ ಹೇಳಿದೆ. ಹತ್ತು ನಿಮಿಷ ಅವರೇ ಪ್ರಶ್ನೆ ಕೇಳಿದರು: ಫ್ಯೂಸು ಎಲ್ಲಿ, 3 ಆಂಪಿಯರೇ ಏಕೆ, ಸ್ವಿಚ್ಚು ಮತ್ತೆ ಕೆಟ್ಟರೆ ಏನು? ಎಲ್ಲಕ್ಕೂ ಉತ್ತರ ಗೊತ್ತಿತ್ತು. ಯಾವುದನ್ನೂ ಬಾಯಿಪಾಠ ಮಾಡಿರಲಿಲ್ಲ.

ಕೆಲಸ ಹುಡುಕುತ್ತಿರುವ ಗೆಳೆಯ ಗೆಳತಿಯರೇ, ನಿಮ್ಮ ರೆಸ್ಯೂಮೆಯಲ್ಲಿ ದೊಡ್ಡ ಹೆಸರಿನ ಪ್ರಾಜೆಕ್ಟ್ ಇರಲಿ. ಅದರ ಜತೆ ನಿಮ್ಮ ಕೈಯಾರೆ ಕೆಡಿಸಿ, ಕೈಯಾರೆ ಸರಿಮಾಡಿದ ಒಂದು ಸಣ್ಣ ಕೆಲಸವೂ ಇರಲಿ. ಮನೆಯ ಮಿಕ್ಸಿಯಾದರೂ ಆದೀತು, ತೋಟದ ಪಂಪ್‌ಸೆಟ್ಟಿನ ಸ್ಟಾರ್ಟರ್ ಆದರೂ ಆದೀತು.

ಮುಳ್ಳು ಎಲ್ಲರಿಗೂ ಕಾಣಬೇಕು

ಡಿಸೆಂಬರ್ ಕೊನೆ. ಅರೇಬಿಕಾ ಕುಯ್ಲು. ನಮ್ಮಲ್ಲಿ ಹಣ್ಣು ಕುಯ್ಯುವವರಿಗೆ ಕೆಜಿ ಲೆಕ್ಕದಲ್ಲಿ ಕೂಲಿ. ಕೆಲಸ ಮುಗಿದು ತೂಕಕ್ಕೆ ನಿಲ್ಲುವಾಗ ಗುಡ್ಡದ ನೆರಳು ಬಿದ್ದು, ಆರು ಗಂಟೆಗೆಲ್ಲ ತೋಟದೊಳಗೆ ಕತ್ತಲು. ಮರದ ಕೊಂಬೆಗೆ ತೂಗುಹಾಕಿದ ಮುಳ್ಳಿನ ತಕ್ಕಡಿಯನ್ನು ಅಪ್ಪ ಮೊಬೈಲ್ ಟಾರ್ಚಿನಲ್ಲಿ ನೋಡಿ ಕೂಗುವುದು, ಅಮ್ಮ ಪುಸ್ತಕದಲ್ಲಿ ಬರೆಯುವುದು. ಕುಯ್ದವರಿಗೆ ಕಾಣುವುದು ಅಪ್ಪನ ಬೆನ್ನು ಮಾತ್ರ.

ಹಿಂದಿನ ವರ್ಷ ಇದೇ ಜಾಗದಲ್ಲಿ ಒಂದು ಮಾತು ಬಂದಿತ್ತು. ಅಪ್ಪ ಮೂವತ್ತೆಂಟು ಎಂದರು. ಬಯಲುಸೀಮೆಯಿಂದ ಕುಯ್ಲಿಗೆ ಬಂದಿದ್ದ ಅಕ್ಕ ಒಬ್ಬರು, ‘ಚೀಲ ಹೊತ್ತೋಳು ನಾನು, ಇನ್ನೂ ಜಾಸ್ತಿ ಇರ್ಬೇಕು’ ಎಂದರು. ಮತ್ತೆ ತೂಗಿದರು, ಅಷ್ಟೇ ಬಂತು. ಅವರು ಮುಂದೆ ಮಾತಾಡಲಿಲ್ಲ, ಆದರೆ ನಂಬಲೂ ಇಲ್ಲ. ಅಮ್ಮನಿಗೆ ಆ ರಾತ್ರಿ ನಿದ್ದೆ ಬರಲಿಲ್ಲ. ‘ನಾವು ಮೋಸ ಮಾಡಿಲ್ಲ ಅಂತ ನಮಗೆ ಗೊತ್ತಿದ್ರೆ ಸಾಕಾ?’ ಎಂದು ಕೇಳಿದ್ದರು.

ಈ ವರ್ಷ ಅಪ್ಪ ಕಾರನ್ನು ಆ ಮರದ ಬುಡಕ್ಕೆ ಹಿಂದೆ ಮಾಡಿ ನಿಲ್ಲಿಸಿ ಡಿಕ್ಕಿ ಎತ್ತಿದರು. ಹಳದಿ ಬೆರೆತ ಬೆಳಕು ತಕ್ಕಡಿಯ ಮೇಲೆ, ಚೀಲಗಳ ಮೇಲೆ, ಸುತ್ತ ನಿಂತವರ ಮುಖದ ಮೇಲೆ ಬಿತ್ತು. ಚೀಲದ ಬಾಯಲ್ಲಿ ಕೆಂಪು ಹಣ್ಣು ಕೆಂಪಾಗಿ, ಹಸಿರು ಹಸಿರಾಗಿ ಕಂಡಿತು. ಅದೇ ಅಕ್ಕ ಈ ವರ್ಷವೂ ಬಂದಿದ್ದರು. ಅವರ ಚೀಲ ಏರಿಸಿದಾಗ ಅಪ್ಪ ಒಂದು ಹೆಜ್ಜೆ ಪಕ್ಕಕ್ಕೆ ಸರಿದು, ‘ನೀನೇ ನೋಡಿ ಹೇಳವ್ವ’ ಎಂದರು. ಅವರು ತಕ್ಕಡಿಯ ಹತ್ತಿರ ಬಂದು, ಮುಳ್ಳು ಅಲುಗಾಡಿ ನಿಲ್ಲುವ ತನಕ ಕಾದು, ‘ನಲವತ್ತೊಂದು’ ಎಂದು ಗಟ್ಟಿಯಾಗಿ ಹೇಳಿದರು. ಅಮ್ಮ ಬರೆದುಕೊಂಡರು. ನಂತರ ಎಲ್ಲರೂ ಅವರವರ ತೂಕವನ್ನು ಅವರವರೇ ಕೂಗಿದರು.

ಮೂಟೆ ತುಂಬಿ ಡಿಕ್ಕಿ ಮುಚ್ಚಿ ನಾನು ಮುಂದಿನ ಸೀಟಿನಲ್ಲಿ ಕೂತೆ. ಅಪ್ಪ ಕೀ ತಿರುಗಿಸುವ ಮೊದಲು ಡ್ಯಾಶ್‌ಬೋರ್ಡಿನ ಕಡೆ ಬಗ್ಗಿ ನೋಡಿದರು.

‘ಆರ್ತೇನಾ?’

‘ಆರ್ತು ಅಪ್ಪ.’